ಮಾಲೀಕರ ಸಾಲದ ಲೆಕ್ಕದಲ್ಲಿ ಗ್ರೆಟ್ಸ್ಕಿ

2003ರ ಜನವರಿ 1ರಂದು ಕೆನಡಾದ ಒಟ್ಟಾವಾ ಸೆನೆಟರ್ಸ್ ತಂಡದ ಆಟಗಾರರಿಗೆ ಸಂಬಳ ಬರಲಿಲ್ಲ. ಇನ್ನೊಂದು ವಾರ ಕಳೆಯುವಷ್ಟರಲ್ಲಿ ಕ್ಲಬ್ಬು ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಮಾಲೀಕ ರಾಡ್ ಬ್ರೈಡನ್ ಕೈಯಲ್ಲಿ ಕಾಸಿರಲಿಲ್ಲ. ಏಪ್ರಿಲ್‌ನಲ್ಲಿ ಲೀಗ್ ಹಂತ ಮುಗಿದು ಅಂಕಪಟ್ಟಿ ಹೊರಬಿದ್ದಾಗ ನ್ಯಾಷನಲ್ ಹಾಕಿ ಲೀಗ್‌ನ 30 ತಂಡಗಳ ಪೈಕಿ ಮೊದಲ ಸ್ಥಾನದಲ್ಲಿ ಇದ್ದದ್ದು ಅದೇ ಒಟ್ಟಾವಾ. 113 ಅಂಕ, ಕ್ಲಬ್ಬಿಗೆ ಮೊದಲ ಪ್ರೆಸಿಡೆಂಟ್ಸ್ ಟ್ರೋಫಿ. ಲೀಗ್‌ನ ಚಾಂಪಿಯನ್ ಪಟ್ಟಕ್ಕಾಗಿ ನಡೆಯುವ ಸ್ಟ್ಯಾನ್ಲಿ ಕಪ್ ಫೈನಲ್ ತಲುಪಲು ಇನ್ನೊಂದು ಗೆಲುವು ಸಾಕಿತ್ತು. ನ್ಯೂ ಜೆರ್ಸಿ ಎದುರಿನ ಏಳನೇ ಪಂದ್ಯದಲ್ಲಿ ಸೋತರು.

ಹಾಕಿ ಎಂದೊಡನೆ ಕೊಡಗಿನ ಮೈದಾನಗಳನ್ನು ನೆನೆಯುವ ನಮಗೆ ಇದು ಬೇರೆಯೇ ಲೋಕ. ಇದು ಮಂಜುಗಡ್ಡೆಯ ಮೇಲೆ ಆಡುವ ಹಾಕಿ. ಅಮೆರಿಕ ಮತ್ತು ಕೆನಡಾದಲ್ಲಿ ಇದರ ತಂಡವೊಂದು ಒಬ್ಬ ಸಿರಿವಂತನ ಅಥವಾ ಸಿರಿವಂತರ ಕೂಟದ ಸ್ವತ್ತು. ಅದನ್ನು ಕೊಳ್ಳಬಹುದು, ಮಾರಬಹುದು, ಅಡವಿಡಬಹುದು. ಯಜಮಾನ ಮುಳುಗಿದರೆ ತಂಡವೂ ಮುಳುಗುತ್ತದೆ ಎಂದು ಎಣಿಸುವುದು ಸಹಜ. ಹಾಗಾದರೆ ಸಂಬಳವಿಲ್ಲದ ತಂಡ ಅಗ್ರಸ್ಥಾನಕ್ಕೆ ಏರಿದ್ದು ಹೇಗೆ?

ಅಡಿಕೆ ತೋಟಕ್ಕೆ ಗೊಬ್ಬರ ನಿಲ್ಲಿಸಿದ ವರ್ಷವೇ ಫಸಲು ಇಳಿದುಬಿಡುವುದಿಲ್ಲ. ಹಿಂದಿನ ಆರೈಕೆಯ ಫಲ ಒಂದೆರಡು ಕೊಯ್ಲಿನಲ್ಲಿ ಬರುತ್ತಲೇ ಇರುತ್ತದೆ. ಒಟ್ಟಾವಾದ 2003ರ ತಂಡ ಅಂಥ ಫಸಲು. ಡೇನಿಯಲ್ ಆಲ್ಫ್ರೆಡ್‌ಸನ್ 1994ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸುತ್ತಿನಲ್ಲಿ, ಸಿಕ್ಕವನು, ಮರಿಯನ್ ಹೋಸಾ 1997ರದ್ದರಲ್ಲಿ. ಆ ಋತುವಿನಲ್ಲಿ ಹೋಸಾ ಹೊಡೆದ ಗೋಲುಗಳು 45. ಮಾಲೀಕನ ಖಾತೆ ಬರಿದಾಗುವ ಹೊತ್ತಿಗೆ ತಂಡ ಕಟ್ಟುವ ಕೆಲಸ ಮುಗಿದಾಗಿತ್ತು. ದಿವಾಳಿ ರಕ್ಷಣೆ ಎಂದರೆ ಬೀಗ ಜಡಿಯುವುದೂ ಅಲ್ಲ. ಹಳೆಯ ಸಾಲಿಗರು ಬಾಗಿಲು ತಟ್ಟದಂತೆ ನ್ಯಾಯಾಲಯ ತಡೆಯುತ್ತದೆ, ಹೊಸ ಸಾಲದಲ್ಲಿ ದಿನನಿತ್ಯದ ವ್ಯವಹಾರ ನಡೆಯುತ್ತದೆ, ಆಟಗಾರರಿಗೆ ಸಂಬಳವೂ ಬರತೊಡಗುತ್ತದೆ. ಆ ಆಗಸ್ಟ್‌ನಲ್ಲಿ ಔಷಧ ಉದ್ಯಮಿ ಯೂಜೀನ್ ಮೆಲ್ನಿಕ್ ತಂಡವನ್ನೂ ಕ್ರೀಡಾಂಗಣವನ್ನೂ ಕೊಂಡುಕೊಂಡರು.

ಅದೇ ಜನವರಿಯಲ್ಲಿ ಪಕ್ಕದ ಬಫಲೋ ಸೇಬರ್ಸ್ ಕೂಡ ದಿವಾಳಿ ಅರ್ಜಿ ಹಾಕಿತ್ತು. ಅಲ್ಲಿನ ಮಾಲೀಕ ಜಾನ್ ರಿಗಾಸ್ ತನ್ನ ಕೇಬಲ್ ಟಿವಿ ಕಂಪನಿ ಅಡೆಲ್ಫಿಯಾದ ಹಣಕಾಸು ವಂಚನೆಯಲ್ಲಿ ಹಿಂದಿನ ಜುಲೈನಲ್ಲೇ ಬಂಧಿತರಾಗಿದ್ದರು. ಫೆಬ್ರವರಿ ಕೊನೆಯಲ್ಲಿ ಈ ಎರಡೂ ದಿವಾಳಿ ಕ್ಲಬ್ಬುಗಳು ಪರಸ್ಪರ ಆಟಗಾರರನ್ನು ಅದಲುಬದಲು ಮಾಡಿಕೊಂಡವು: ಅನುಭವಿ ವಾಕ್ಲಾವ್ ವರಾಡಾ ಒಟ್ಟಾವಾಕ್ಕೆ, ಎಳೆಯ ಯಾಕುಬ್ ಕ್ಲೆಪಿಸ್ ಬಫಲೋಗೆ. ಸಾಲ ಮಾಡಿದವರಿಬ್ಬರ ನಡುವೆ ನಡೆದ ಈ ವ್ಯಾಪಾರದಲ್ಲೇ ಇಬ್ಬರ ಸ್ಥಿತಿಯ ವ್ಯತ್ಯಾಸವೂ ಇದೆ. ಒಬ್ಬ ಈ ವರ್ಷದ ಕಪ್ಪಿಗಾಗಿ ಕೊಳ್ಳುತ್ತಿದ್ದ, ಇನ್ನೊಬ್ಬ ಸಂಬಳದ ಹೊರೆ ಇಳಿಸಿಕೊಳ್ಳುತ್ತಿದ್ದ.

ಒಟ್ಟಾವಾದ ಕಷ್ಟಕ್ಕೆ ಇನ್ನೊಂದು ಕಾರಣವೂ ಇತ್ತು. ಟಿಕೆಟ್ ಮಾರಾಟದ ಹಣ ಬರುವುದು ಕೆನಡಾದ ಡಾಲರ್‌ನಲ್ಲಿ, ಆಟಗಾರರಿಗೆ ಕೊಡಬೇಕಾದದ್ದು ಅಮೆರಿಕದ ಡಾಲರ್‌ನಲ್ಲಿ. 2002ರ ಆರಂಭದಲ್ಲಿ ಕೆನಡಾದ ಒಂದು ಡಾಲರ್‌ಗೆ ಸಿಗುತ್ತಿದ್ದದ್ದು ಅಮೆರಿಕದ ಸುಮಾರು 62 ಸೆಂಟ್. ಅಮೆರಿಕದ ಫುಟ್‌ಬಾಲ್ ತಂಡಗಳಿಗೆ ಸಿಗುವಂತೆ ಟಿವಿಯಿಂದ ಕೋಟಿಗಟ್ಟಲೆ ಬರುವ ಆಟವಾಗಿರಲಿಲ್ಲ ಇದು, ಗಲ್ಲಾಪೆಟ್ಟಿಗೆಯೇ ಆಧಾರವಾಗಿತ್ತು. ಈ ವಿನಿಮಯದ ಪೆಟ್ಟಿನಿಂದ ಕ್ವಿಬೆಕ್ ನಗರದ ತಂಡ 1995ರಲ್ಲಿ ಕೊಲರಾಡೊಗೆ ಹೋಯಿತು, ವಿನಿಪೆಗ್‌ನ ತಂಡ 1996ರಲ್ಲಿ ಅರಿಜೋನಾದ ಮರುಭೂಮಿಗೆ ಹೋಗಿ ಫೀನಿಕ್ಸ್ ಕಯೋಟೀಸ್ ಆಯಿತು. ಆ ಕಯೋಟೀಸ್ ಕಥೆ ಮುಂದೆ ಬರುತ್ತದೆ.

ಮಾಲೀಕನ ಹಣದ ಮುಗ್ಗಟ್ಟು ತಂಡವನ್ನು ತಟ್ಟುವ ಬಗೆ ತಿಳಿಯಬೇಕಾದರೆ ವೇಯ್ನ್ ಗ್ರೆಟ್ಸ್ಕಿಯ ಬದುಕಿನಷ್ಟು ಒಳ್ಳೆಯ ಪಠ್ಯ ಬೇರೊಂದಿಲ್ಲ. ಐಸ್ ಹಾಕಿಯ ಅತಿ ದೊಡ್ಡ ಹೆಸರು ಅವರದು. ಹದಿನೇಳನೇ ವಯಸ್ಸಿನಿಂದ ನಲವತ್ತೆಂಟರವರೆಗೆ ನಾಲ್ವರು ಮುಗ್ಗರಿಸಿದ ಮಾಲೀಕರ ಲೆಕ್ಕಪುಸ್ತಕಗಳಲ್ಲಿ ಅವರ ಹೆಸರು ಬಂದುಹೋಗಿದೆ.

ಮೊದಲನೆಯವರು ನೆಲ್ಸನ್ ಸ್ಕಲ್ಬೇನಿಯಾ. 1978ರಲ್ಲಿ ಇಂಡಿಯಾನಾಪೊಲಿಸ್ ರೇಸರ್ಸ್ ಎಂಬ ತಂಡಕ್ಕಾಗಿ ಹುಡುಗ ಗ್ರೆಟ್ಸ್ಕಿಯ ಜೊತೆ ಒಪ್ಪಂದ ಮಾಡಿಕೊಂಡರು. ತಂಡ ನಷ್ಟದಲ್ಲಿತ್ತು. ಹುಡುಗ ಎಂಟೇ ಪಂದ್ಯ ಆಡಿದ್ದ. ನವೆಂಬರ್‌ನಲ್ಲಿ ಅವನನ್ನು ಇನ್ನಿಬ್ಬರು ಆಟಗಾರರ ಜೊತೆ ಎಡ್ಮಂಟನ್ ಆಯಿಲರ್ಸ್ ಮಾಲೀಕ ಪೀಟರ್ ಪೊಕ್ಲಿಂಗ್ಟನ್‌ಗೆ ಮಾರಿದರು. ಡಿಸೆಂಬರ್‌ನಲ್ಲಿ ರೇಸರ್ಸ್ ತಂಡವೇ ಮುಚ್ಚಿಹೋಯಿತು. ಕೈಯಲ್ಲಿದ್ದ ಏಕೈಕ ಬೆಲೆಬಾಳುವ ವಸ್ತುವನ್ನು ಮಾರಿಯೂ ಉಳಿಯಲಿಲ್ಲ ಎಂಬುದನ್ನು ಗಮನಿಸಿ. ಈ ಬಗೆಯ ಮಾರಾಟ ತಂಡವನ್ನು ಉಳಿಸುವುದು ಅಪರೂಪ. ಉಳಿಯುವುದು ಮಾಲೀಕನ ಒಂದೆರಡು ತಿಂಗಳು.

ಪೊಕ್ಲಿಂಗ್ಟನ್ ಕಾರು ಮಾರಾಟದಿಂದ ಮೇಲೆ ಬಂದ ಮನುಷ್ಯ. ಆಮೇಲೆ ಹಣಕಾಸು ಕಂಪನಿ, ಮಾಂಸ ಸಂಸ್ಕರಣೆ ಎಂದೆಲ್ಲ ಕೈಹಾಕಿದವರು. 1979ರ ಜನವರಿ 26, ಗ್ರೆಟ್ಸ್ಕಿಯ ಹದಿನೆಂಟನೇ ಹುಟ್ಟುಹಬ್ಬದ ದಿನ, ರಿಂಕಿನ ನಟ್ಟನಡುವೆ ಮೇಜು ಹಾಕಿ 21 ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಅದು ವೈಯಕ್ತಿಕ ಸೇವೆಯ ಒಪ್ಪಂದ. ಅಂದರೆ ಹುಡುಗ ಬದ್ಧನಾಗಿದ್ದದ್ದು ತಂಡಕ್ಕಲ್ಲ, ಆ ಮನುಷ್ಯನಿಗೆ. ಆ ಕಾಗದದಿಂದ ಆಯಿಲರ್ಸ್‌ಗೆ ಒಳ್ಳೆಯದೇ ಆಯಿತು. ಅದೇ ವರ್ಷ ಎಡ್ಮಂಟನ್ ನ್ಯಾಷನಲ್ ಹಾಕಿ ಲೀಗ್ ಸೇರಿದಾಗ ಗ್ರೆಟ್ಸ್ಕಿಯನ್ನು ಬೇರೆ ಯಾರೂ ಕಸಿದುಕೊಳ್ಳಲಾಗಲಿಲ್ಲ. 1984, 85, 87, 88: ಐದು ವರ್ಷದಲ್ಲಿ ನಾಲ್ಕು ಸ್ಟ್ಯಾನ್ಲಿ ಕಪ್.

ನಾಲ್ಕನೇ ಕಪ್ ಗೆದ್ದು ಮೂರು ತಿಂಗಳೂ ಆಗಿರಲಿಲ್ಲ. 1988ರ ಆಗಸ್ಟ್ 9ರಂದು ಗ್ರೆಟ್ಸ್ಕಿಯನ್ನು ಲಾಸ್ ಏಂಜಲಿಸ್ ಕಿಂಗ್ಸ್‌ಗೆ ಕೊಟ್ಟಿರುವುದಾಗಿ ಪ್ರಕಟಣೆ ಬಂತು. ಬದಲಿಗೆ ಬಂದದ್ದು ಇಬ್ಬರು ಯುವ ಆಟಗಾರರು, ಮುಂದಿನ ಮೂರು ಡ್ರಾಫ್ಟ್ ಆಯ್ಕೆಗಳು ಮತ್ತು ಅಮೆರಿಕದ 1.5 ಕೋಟಿ ಡಾಲರ್ ನಗದು. ಪತ್ರಿಕಾಗೋಷ್ಠಿಯಲ್ಲಿ ಗ್ರೆಟ್ಸ್ಕಿ ಅತ್ತರು. ಕೆನಡಾದ ಸಂಸತ್ತಿನಲ್ಲಿ ನೆಲ್ಸನ್ ರೀಸ್ ಎಂಬ ಸದಸ್ಯರು ಸರ್ಕಾರ ಇದನ್ನು ತಡೆಯಬೇಕು ಎಂದು ಕೇಳಿದರು. ಜನ ಪೊಕ್ಲಿಂಗ್ಟನ್ ಅವರ ಪ್ರತಿಕೃತಿ ಸುಟ್ಟರು. ಆಗಷ್ಟೇ ಮದುವೆಯಾಗಿದ್ದ ಗ್ರೆಟ್ಸ್ಕಿಯ ಅಮೆರಿಕನ್ ಪತ್ನಿಯ ಮೇಲೂ ಜನ ಹರಿಹಾಯ್ದರು, ಹೆಂಡತಿಯ ಮಾತು ಕೇಳಿ ಹೋದ ಎಂದು. ಗಂಡಸರ ಲೆಕ್ಕಾಚಾರ ಹಳಿತಪ್ಪಿದರೆ ಮನೆಗೆ ಬಂದ ಸೊಸೆಯ ಕಾಲ್ಗುಣ ನೋಡುವುದು ನಮ್ಮೂರಿನ ವಿದ್ಯೆ ಮಾತ್ರವಲ್ಲ ಎಂದಾಯಿತು. ಆ ನಗದು ತಂಡಕ್ಕಿಂತ ಹೆಚ್ಚಾಗಿ ಮಾಲೀಕನ ಬೇರೆ ವ್ಯಾಪಾರಗಳಿಗೆ ಬೇಕಿತ್ತು ಎಂಬುದು ಅಂದಿನಿಂದ ಇಂದಿನವರೆಗೂ ಎಡ್ಮಂಟನ್‌ನ ದೃಢ ನಂಬಿಕೆ.

ಇಲ್ಲೂ ಫಲ ತಡವಾಗಿ ಬಂತು. 1990ರಲ್ಲಿ ಗ್ರೆಟ್ಸ್ಕಿ ಇಲ್ಲದೆಯೇ ಆಯಿಲರ್ಸ್ ಐದನೇ ಕಪ್ ಗೆದ್ದರು. ನೋಡಿ, ಮಾರಿದ್ದರಿಂದ ಏನೂ ಆಗಲಿಲ್ಲ ಎನ್ನುವವರಿಗೆ ಎರಡು ವರ್ಷ ಮಾತು ಸಿಕ್ಕಿತು. ಅಷ್ಟರಲ್ಲಿ ಯಾರಿ ಕುರಿ ಹೋದರು, ಗೋಲ್‌ಕೀಪರ್ ಗ್ರಾಂಟ್ ಫ್ಯೂರ್ ಹೋದರು, ನಾಯಕ ಮಾರ್ಕ್ ಮೆಸಿಯರ್ 1991ರಲ್ಲಿ ನ್ಯೂಯಾರ್ಕ್‌ಗೆ ಹೋದರು. 1993ರಿಂದ ಸತತ ನಾಲ್ಕು ವರ್ಷ ತಂಡ ಲೀಗ್ ಹಂತದ ನಂತರದ ಪ್ಲೇಆಫ್ ಮುಖ ನೋಡಲಿಲ್ಲ. ಕೊನೆಗೆ ಸಾಲ ಕೊಟ್ಟಿದ್ದ ಆಲ್ಬರ್ಟಾ ಪ್ರಾಂತ್ಯದ ಸರ್ಕಾರಿ ಹಣಕಾಸು ಸಂಸ್ಥೆಯೇ ತಂಡವನ್ನು ಮಾರಾಟಕ್ಕಿಟ್ಟಿತು. ಹ್ಯೂಸ್ಟನ್ನಿನ ಶ್ರೀಮಂತರೊಬ್ಬರು ಕೊಳ್ಳಲು ಬಂದರು. ತಂಡ ಊರು ಬಿಟ್ಟು ಹೋಗುವುದು ಬಹುತೇಕ ಖಚಿತವಾಗಿತ್ತು. 1998ರಲ್ಲಿ ಊರಿನ ಹತ್ತಾರು ಹೂಡಿಕೆದಾರರು ಸೇರಿ 7 ಕೋಟಿ ಅಮೆರಿಕನ್ ಡಾಲರ್ ಒಟ್ಟುಹಾಕಿ ಉಳಿಸಿಕೊಂಡರು.

ಅತ್ತ ಗ್ರೆಟ್ಸ್ಕಿಯನ್ನು ಕೊಂಡ ಬ್ರೂಸ್ ಮೆಕ್‌ನಾಲ್ ಪ್ರಾಚೀನ ನಾಣ್ಯಗಳ ವ್ಯಾಪಾರಿ. ಕುದುರೆ, ಸಿನಿಮಾ, ಕೆನಡಾದ ಫುಟ್‌ಬಾಲ್ ತಂಡ, ಏನುಂಟು ಏನಿಲ್ಲ. ಸಾಲದ ಹಣ ತಂಡಕ್ಕೆ ಕೆಡುಕನ್ನೇ ಮಾಡುತ್ತದೆ ಎನ್ನುವವರು ಮೆಕ್‌ನಾಲ್ ಕಾಲದ ಲಾಸ್ ಏಂಜಲಿಸ್ ನೋಡಬೇಕು. ಖಾಲಿ ಹೊಡೆಯುತ್ತಿದ್ದ ಕ್ರೀಡಾಂಗಣ ತುಂಬಿತು, ಹಾಲಿವುಡ್ ತಾರೆಯರು ಮುಂದಿನ ಸಾಲಿಗೆ ಬಂದು ಕುಳಿತರು, 1993ರಲ್ಲಿ ಕಿಂಗ್ಸ್ ಮೊದಲ ಬಾರಿಗೆ ಸ್ಟ್ಯಾನ್ಲಿ ಕಪ್ ಫೈನಲ್ ಆಡಿತು. ಮೆಕ್‌ನಾಲ್ ಲೀಗ್‌ನ ಆಡಳಿತ ಮಂಡಳಿಯ ಅಧ್ಯಕ್ಷರೂ ಆದರು. ಡಿಸ್ನಿ ಕಂಪನಿ ಪಕ್ಕದ ಆನಹೈಮ್‌ನಲ್ಲಿ ಹೊಸ ತಂಡ ತೆರೆಯಲು ಕಟ್ಟಿದ 5 ಕೋಟಿ ಡಾಲರ್ ಪ್ರವೇಶಧನದಲ್ಲಿ ಅರ್ಧ, ಅವರ ಸೀಮೆಗೆ ಕಾಲಿಟ್ಟ ತಪ್ಪುಕಾಣಿಕೆಯಾಗಿ, ಅವರ ಜೇಬಿಗೆ ಬಂತು. ಆದರೂ ಸಾಕಾಗಲಿಲ್ಲ. ಆರು ಬ್ಯಾಂಕುಗಳಿಗೆ 23.6 ಕೋಟಿ ಡಾಲರ್ ವಂಚಿಸಿದ್ದನ್ನು 1994ರಲ್ಲಿ ಒಪ್ಪಿಕೊಂಡು, 1997ರಲ್ಲಿ 70 ತಿಂಗಳ ಸಜೆ ಪಡೆದರು. ಕಿಂಗ್ಸ್ 1995ರಲ್ಲಿ ದಿವಾಳಿ ನ್ಯಾಯಾಲಯದ ಮೂಲಕ ಫಿಲಿಪ್ ಆನ್‌ಶುಟ್ಸ್ ಮತ್ತು ಎಡ್ ರೋಸ್ಕಿ ಪಾಲಾಯಿತು. 1993ರ ಫೈನಲ್ ಆದಮೇಲೆ ನಾಲ್ಕು ಋತು ಪ್ಲೇಆಫ್ ಇಲ್ಲ. 1996ರ ಫೆಬ್ರವರಿಯಲ್ಲಿ ಗ್ರೆಟ್ಸ್ಕಿ ಸೇಂಟ್ ಲೂಯಿಸ್‌ಗೆ ಹೊರಟರು. ಒಪ್ಪಂದ ಮುಗಿಯಲು ಬಂದಿದ್ದದ್ದೂ ಅದಕ್ಕೆ ಕಾರಣ, ಎಲ್ಲವನ್ನೂ ಮೆಕ್‌ನಾಲ್ ತಲೆಗೆ ಕಟ್ಟಬೇಕಿಲ್ಲ.

ಇಂಥವರು ಲೀಗ್‌ನೊಳಗೆ ಬರುವುದು ಹೇಗೆ ಎಂದು ಕೇಳಬಹುದು. ಬಾಗಿಲು ಕಾಯುವವರೂ ತಂಡ ಮಾರಾಟವಾದರೆ ಸಾಕು ಎಂದು ಕಾಯುವವರೇ. 1997ರಲ್ಲಿ ಜಾನ್ ಸ್ಪಾನೋ ಎಂಬವರು ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡವನ್ನು 16.5 ಕೋಟಿ ಡಾಲರ್‌ಗೆ ಕೊಳ್ಳಲು ಬಂದಾಗ ಲೀಗ್ ಒಪ್ಪಿತು, ಬ್ಯಾಂಕೊಂದು 8 ಕೋಟಿ ಸಾಲವನ್ನೂ ಕೊಟ್ಟಿತು. ಮನುಷ್ಯನ ಹತ್ತಿರ ಹಣವೇ ಇರಲಿಲ್ಲ. ಸುಮಾರು 1.7 ಕೋಟಿ ಡಾಲರ್ ಕಂತು ಬರಬೇಕಾದಲ್ಲಿ 1,700 ಡಾಲರ್ ಬಂದಾಗ ಗುಟ್ಟು ಬಯಲಾಗತೊಡಗಿತು.

ಈಗ ಗ್ರೆಟ್ಸ್ಕಿಯ ಸರಿಸಾಟಿ ಎನಿಸಿಕೊಂಡ ಇನ್ನೊಬ್ಬ ಆಟಗಾರನತ್ತ ತಿರುಗೋಣ. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್‌ನ ಮಾರಿಯೊ ಲೆಮ್ಯೂ 1991 ಮತ್ತು 1992ರಲ್ಲಿ ತಂಡಕ್ಕೆ ಕಪ್ ಗೆದ್ದುಕೊಟ್ಟವರು. 1992ರಲ್ಲಿ ಏಳು ವರ್ಷಕ್ಕೆ 4.2 ಕೋಟಿ ಡಾಲರ್ ಒಪ್ಪಂದವಾಯಿತು. ಕೈ ಬಿಗಿಯಿದ್ದ ಮಾಲೀಕರು ಅದರ ದೊಡ್ಡ ಪಾಲನ್ನು ಮುಂದಕ್ಕೆ ತಳ್ಳಿದರು: ಈಗ ಆಡು, ಆಮೇಲೆ ಕೊಡುತ್ತೇವೆ. ಕೇಳಲು ಇಬ್ಬರಿಗೂ ಅನುಕೂಲ. ತಾರೆ ಉಳಿಯುತ್ತಾನೆ, ಟಿಕೆಟ್ ಮಾರಾಟವಾಗುತ್ತದೆ, ಈ ವರ್ಷದ ಲೆಕ್ಕ ಸರಿಹೋಗುತ್ತದೆ. ಆದರೆ ಹೀಗೆ ಒಪ್ಪಿಕೊಂಡ ಆಟಗಾರ ತನಗೆ ಗೊತ್ತಿಲ್ಲದೆಯೇ ಕ್ಲಬ್ಬಿಗೆ ಸಾಲ ಕೊಟ್ಟವನಾಗುತ್ತಾನೆ, ಅದೂ ಅಡಮಾನವಿಲ್ಲದೆ. 1998ರ ಅಕ್ಟೋಬರ್‌ನಲ್ಲಿ ಪೆಂಗ್ವಿನ್ಸ್ ದಿವಾಳಿ ಅರ್ಜಿ ಹಾಕಿದಾಗ ನಿವೃತ್ತ ಲೆಮ್ಯೂಗೆ ಬರಬೇಕಿದ್ದ ಬಾಕಿ ಸುಮಾರು 3.25 ಕೋಟಿ ಡಾಲರ್.

ದಿವಾಳಿ ನ್ಯಾಯಾಲಯದಲ್ಲಿ ಸಾಲು ನಿಲ್ಲುವ ಕ್ರಮ ಕಟ್ಟುನಿಟ್ಟು. ತಂಡವನ್ನೇ ಅಡವಿಟ್ಟುಕೊಂಡ ಬ್ಯಾಂಕು ಮುಂದೆ, ಬರಿಗೈಯಲ್ಲಿ ನಂಬಿದವರು ಹಿಂದೆ. ಅಡಮಾನವಿಲ್ಲದ ಆ ಸಾಲಿನಲ್ಲಿ ಅತಿ ದೊಡ್ಡ ಬಾಕಿ ಲೆಮ್ಯೂ ಅವರದೇ. ತಂಡ ಮುಚ್ಚಿದರೆ ಅಥವಾ ಬೇರೆ ಊರಿಗೆ ಹೋದರೆ ಅದರಲ್ಲಿ ಎಷ್ಟು ಕೈಗೆ ಬರುತ್ತಿತ್ತೋ. ಅವರು ತಮ್ಮ ಬಾಕಿಯ ಬಹುಪಾಲನ್ನು ಷೇರಾಗಿ ಪರಿವರ್ತಿಸಿ, ಇತರ ಹೂಡಿಕೆದಾರರನ್ನು ಸೇರಿಸಿಕೊಂಡು, ತಂಡವನ್ನೇ ಕೊಳ್ಳುವ ಯೋಜನೆ ಮುಂದಿಟ್ಟರು. 1999ರಲ್ಲಿ ನ್ಯಾಯಾಲಯವೂ ಲೀಗೂ ಒಪ್ಪಿದವು. 2000ದ ಡಿಸೆಂಬರ್‌ನಲ್ಲಿ ಮಾಲೀಕರು ಸ್ಕೇಟ್ ಕಟ್ಟಿಕೊಂಡು ರಿಂಕಿಗೆ ಇಳಿದು ಮತ್ತೆ ಆಡತೊಡಗಿದರು! ತನ್ನ ಸಾಲವನ್ನು ತಾನೇ ವಸೂಲು ಮಾಡಿಕೊಳ್ಳಲು ಇದಕ್ಕಿಂತ ನೇರ ದಾರಿ ಇಲ್ಲ.

ಇಲ್ಲಿಗೆ ಕಥೆ ಸುಖಾಂತ್ಯವಾಗುತ್ತದೆ ಎಂದು ಬರೆಯುವವರು ನಡುವಿನ ಐದಾರು ವರ್ಷವನ್ನು ನುಂಗಿಬಿಡುತ್ತಾರೆ. ಮಾಲೀಕರು ಬದಲಾದರೂ ಹಣದ ಕೊರತೆ ನೀಗಲಿಲ್ಲ. ಐದು ಬಾರಿ ಲೀಗ್‌ನ ಅತ್ಯಧಿಕ ಅಂಕ ಗಳಿಸಿದ್ದ ಯಾರೊಮಿರ್ ಯಾಗರ್ ಅವರನ್ನು 2001ರ ಜುಲೈನಲ್ಲಿ ವಾಷಿಂಗ್ಟನ್‌ಗೆ ಕೊಟ್ಟರು. ಬಂದದ್ದು ಹೆಸರು ಮಾಡದೇ ಹೋದ ಮೂವರು ಹುಡುಗರು ಮತ್ತು 49 ಲಕ್ಷ ಡಾಲರ್. ಅಲೆಕ್ಸಿ ಕೊವಲ್ಯೋವ್ 2003ರಲ್ಲಿ ಹೋದರು. 2003–04ರಲ್ಲಿ ಪೆಂಗ್ವಿನ್ಸ್ ಇಡೀ ಲೀಗ್‌ನಲ್ಲಿ ಕೊನೆಯ ಸ್ಥಾನ. ಪ್ರೇಕ್ಷಕರ ಸಂಖ್ಯೆಯಲ್ಲೂ ಕೊನೆ. ಆದರೆ ಸೋತವರಿಗೆ ಡ್ರಾಫ್ಟಿನಲ್ಲಿ ಮೊದಲ ಮಣೆ ಹಾಕುವುದು ಅಲ್ಲಿನ ಪದ್ಧತಿ. ಫ್ಲೂರಿ, ಮಾಲ್ಕಿನ್, ಕೊನೆಗೆ ಮೊದಲ ಆಯ್ಕೆಗಾಗಿ ನಡೆದ 2005ರ ಲಾಟರಿಯಲ್ಲಿ ಸಿಡ್ನಿ ಕ್ರಾಸ್ಬಿ. ಬಡತನವೇ ತಂದುಕೊಟ್ಟ ಈ ಮೂವರು 2009ರಲ್ಲಿ ಕಪ್ ಗೆದ್ದರು, 2016 ಮತ್ತು 2017ರಲ್ಲಿ ಮತ್ತೆ ಗೆದ್ದರು. 2021ರಲ್ಲಿ ತಂಡ ಸುಮಾರು 90 ಕೋಟಿ ಡಾಲರ್ ಮೌಲ್ಯಕ್ಕೆ ಫೆನ್‌ವೇ ಸ್ಪೋರ್ಟ್ಸ್ ಗ್ರೂಪ್ ಕೈಸೇರಿತು. ಲಾಟರಿಯ ಚೆಂಡು ಬೇರೆ ಕಡೆ ಉರುಳಿದ್ದರೆ ಪಿಟ್ಸ್‌ಬರ್ಗ್‌ನಲ್ಲಿ ಇಂದು ಹಾಕಿ ಇರುತ್ತಿತ್ತೇ ಎಂಬುದು ನನಗೆ ಅನುಮಾನ.

ಗ್ರೆಟ್ಸ್ಕಿಯ ನಾಲ್ಕನೇ ಮಾಲೀಕ ಫೀನಿಕ್ಸ್ ಕಯೋಟೀಸ್‌ನ ಜೆರ್ರಿ ಮೋಯೆಸ್, ಲಾರಿ ಸಾಗಣೆಯ ದೊರೆ. ಈ ಬಾರಿ ಗ್ರೆಟ್ಸ್ಕಿ ಕೋಚ್, ಜೊತೆಗೆ ಸಣ್ಣ ಪಾಲುದಾರ. ತಂಡ ವರ್ಷವರ್ಷವೂ ನಷ್ಟ ಅನುಭವಿಸುತ್ತಿತ್ತು. 2009ರ ಮೇ 5ರಂದು ಮೋಯೆಸ್ ದಿವಾಳಿ ಅರ್ಜಿ ಹಾಕಿದರು. ಅದರ ಜೊತೆಯಲ್ಲೇ ಒಂದು ಖರೀದಿ ಪ್ರಸ್ತಾಪವೂ ಇತ್ತು: ಬ್ಲ್ಯಾಕ್‌ಬೆರಿ ಫೋನಿನ ಕಂಪನಿಯ ಜಿಮ್ ಬಾಲ್ಸಿಲಿ 21.25 ಕೋಟಿ ಡಾಲರ್ ಕೊಡುತ್ತಾರೆ, ತಂಡವನ್ನು ಕೆನಡಾದ ಹ್ಯಾಮಿಲ್ಟನ್‌ಗೆ ಒಯ್ಯುತ್ತಾರೆ. ಸಾಲಿಗರಿಗೆ ಹೆಚ್ಚು ಹಣ ಸಿಗುವ ದಾರಿ ಇದೇ ಆದ್ದರಿಂದ ನ್ಯಾಯಾಲಯ ಒಪ್ಪಬೇಕು ಎಂಬುದು ವಾದ.

ಲೀಗ್ ಕೆರಳಿತು. ತಂಡ ಎಂದರೆ ಜೆರ್ಸಿ, ಬಸ್ಸು, ಕಚೇರಿಯ ಕುರ್ಚಿಗಳಲ್ಲ. ಅದರ ಬೆಲೆಯೆಲ್ಲ ಇರುವುದು ಲೀಗ್‌ನ ಸದಸ್ಯತ್ವದಲ್ಲಿ. ಆ ಸದಸ್ಯತ್ವ ಯಾವ ಊರಿಗೆ, ಯಾರ ಕೈಗೆ ಎಂದು ತೀರ್ಮಾನಿಸುವ ಹಕ್ಕು ತನ್ನದು. ದಿವಾಳಿಯ ನೆಪದಲ್ಲಿ ಯಾರೂ ಅದನ್ನು ದಾಟುವಂತಿಲ್ಲ ಎಂದು ಲೀಗ್ ಪಟ್ಟು ಹಿಡಿಯಿತು. ಮೋಯೆಸ್ ತಂಡಕ್ಕೆ ಸುರಿದಿದ್ದ ಹತ್ತು ಕೋಟಿಗೂ ಮಿಕ್ಕಿದ ಡಾಲರ್ ತಾನು ಕೊಟ್ಟ ಸಾಲ ಎಂದರೆ, ಲೀಗ್ ಅದು ಬಂಡವಾಳ ಎಂದಿತು. ವ್ಯತ್ಯಾಸ ಸಣ್ಣದಲ್ಲ. ಸಾಲವಾದರೆ ಮಾಲೀಕನೂ ಬಾಕಿ ಕೇಳುವವರ ಸಾಲಿನಲ್ಲಿ ನಿಲ್ಲಬಹುದು; ಬಂಡವಾಳವಾದರೆ ಎಲ್ಲರಿಗೂ ಕೊಟ್ಟು ಉಳಿದದ್ದಷ್ಟೇ ಅವನದು. ನ್ಯಾಯಾಧೀಶ ರೆಡ್‌ಫೀಲ್ಡ್ ಬಾಮ್ ಸೆಪ್ಟೆಂಬರ್ ಕೊನೆಗೆ ಬಾಲ್ಸಿಲಿಯ ಪ್ರಸ್ತಾಪವನ್ನು ತಳ್ಳಿಹಾಕಿದರು. ಯಾವ ಸಾಲಿಗರಿಗೆ ಕೊಡಬೇಕು, ಯಾರನ್ನು ಬಿಡಬೇಕು ಎಂದು ತಾನೇ ಆರಿಸಿಕೊಳ್ಳುತ್ತಿದ್ದ ಲೀಗ್‌ನ ಪ್ರಸ್ತಾಪವನ್ನೂ ಆಗ ಒಪ್ಪಲಿಲ್ಲ. ಬಿಟ್ಟವರ ಪಟ್ಟಿಯಲ್ಲಿ ಮೋಯೆಸ್ ಜೊತೆ ಇದ್ದ ಹೆಸರು ಗ್ರೆಟ್ಸ್ಕಿ. ಅವರು ಆ ವಾರವಷ್ಟೇ ಕೋಚ್ ಹುದ್ದೆ ತೊರೆದಿದ್ದರು. ಮೂರು ಬಾರಿ ಮಾಲೀಕರ ಆಸ್ತಿಯಾಗಿ ಕೈಬದಲಾದ ಮನುಷ್ಯ ನಾಲ್ಕನೇ ಸಲ ಬಾಕಿಗಾಗಿ ಕಾಯುವವನಾದ. ಆ ವರ್ಷದ ಕೊನೆಗೆ ಲೀಗ್ ತಾನೇ 14 ಕೋಟಿ ಡಾಲರ್‌ಗೆ ತಂಡವನ್ನು ಕೊಂಡಿತು.

ಯಜಮಾನನೇ ಇಲ್ಲದ ಆ ಋತುವಿನಲ್ಲಿ ಹೊಸ ಕೋಚ್ ಡೇವ್ ಟಿಪ್ಪೆಟ್ ಕೈಕೆಳಗೆ ಕಯೋಟೀಸ್ 50 ಪಂದ್ಯ ಗೆದ್ದರು, 2002ರ ನಂತರ ಮೊದಲ ಬಾರಿ ಪ್ಲೇಆಫ್ ತಲುಪಿದರು. ಒಟ್ಟಾವಾದ ಪವಾಡವೇ ಇನ್ನೊಮ್ಮೆ. ನಷ್ಟ ತುಂಬಲು ಊರಿನ ನಗರಸಭೆ, ಗ್ಲೆಂಡೇಲ್, ಎರಡು ವರ್ಷ ತಲಾ 2.5 ಕೋಟಿ ಡಾಲರ್ ಕೊಟ್ಟಿತು. ಹಾಗೆಂದು ಹೊಟ್ಟೆ ತುಂಬಲಿಲ್ಲ. 2005ರಿಂದ ಲೀಗ್‌ನಲ್ಲಿ ಪ್ರತಿ ತಂಡವೂ ಸಂಬಳಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಖರ್ಚು ಮಾಡಬಾರದು, ಇಂತಿಷ್ಟಕ್ಕಿಂತ ಕಡಿಮೆಯೂ ಮಾಡಬಾರದು ಎಂಬ ನಿಯಮವಿದೆ. ಬಡ ತಂಡಕ್ಕೆ ಕೆಳಗಿನ ಗೆರೆಯೇ ಉರುಳು. ಆ ಗೆರೆಯನ್ನು ಮುಟ್ಟಲು ಕಯೋಟೀಸ್ ಕಂಡುಕೊಂಡ ಉಪಾಯ ಸೊಗಸಾಗಿದೆ: ಇನ್ನೆಂದೂ ಆಡದ ಆಟಗಾರರನ್ನು ಕೊಳ್ಳುವುದು! 2015ರಲ್ಲಿ ಗಾಯದಿಂದ ಆಟ ನಿಲ್ಲಿಸಿದ್ದ ಕ್ರಿಸ್ ಪ್ರೊಂಗರ್, 2016ರಲ್ಲಿ ರಷ್ಯಾಕ್ಕೆ ಮರಳಲು ಹೊರಟಿದ್ದ ಪಾವೆಲ್ ದಾತ್ಸ್ಯುಕ್, 2018ರಲ್ಲಿ ಚರ್ಮರೋಗದಿಂದ ಆಟ ಬಿಟ್ಟಿದ್ದ ಮರಿಯನ್ ಹೋಸಾ. ಹೌದು, ಒಟ್ಟಾವಾದಲ್ಲಿ ಸಂಬಳ ತಪ್ಪಿಹೋಗಿದ್ದ ಅದೇ ಹೋಸಾ. ಲೀಗ್‌ನ ಲೆಕ್ಕಕ್ಕೆ ಅವರ ವಾರ್ಷಿಕ ವೆಚ್ಚ 52 ಲಕ್ಷ ಡಾಲರ್ ದಾಟುತ್ತಿತ್ತು, ಒಪ್ಪಂದದಂತೆ ಕೊಡಬೇಕಿದ್ದ ಸಂಬಳ 10 ಲಕ್ಷ. ಪ್ರೊಂಗರ್ ಹಾಲ್ ಆಫ್ ಫೇಮ್ ಸೇರಿದ ದಿನ ಕಾಗದದ ಮೇಲೆ ಕಯೋಟೀಸ್ ಆಟಗಾರ.

ಇದೆಲ್ಲ ನಮಗೆ ದೂರದ್ದಲ್ಲ. ಬೆಂಗಳೂರಿನ ವಿಜಯ್ ಮಲ್ಯ ಅವರ ಎರಡು ತಂಡಗಳ ಗತಿ ನೋಡಿ. ಕಿಂಗ್‌ಫಿಷರ್ ವಿಮಾನಗಳು 2012ರಲ್ಲಿ ನೆಲ ಹಿಡಿದವು, 2016ರಲ್ಲಿ ಮಲ್ಯ ದೇಶ ಬಿಟ್ಟರು. ಕ್ರಿಕೆಟ್ ತಂಡ ಆರ್‌ಸಿಬಿಗೆ ಏನೂ ಆಗಲಿಲ್ಲ, ಏಕೆಂದರೆ ಅದು ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ಸ್ವತ್ತಾಗಿತ್ತು, ಆ ಕಂಪನಿ ಅಷ್ಟರಲ್ಲಿ ಡಿಯಾಜಿಯೊ ಕೈ ಸೇರಿತ್ತು. ಫಾರ್ಮುಲಾ ಒನ್‌ನ ಫೋರ್ಸ್ ಇಂಡಿಯಾಗೆ ಆ ಭಾಗ್ಯ ಇರಲಿಲ್ಲ. 2018ರ ಜುಲೈನಲ್ಲಿ ಅದರ ಚಾಲಕ ಸೆರ್ಜಿಯೊ ಪೆರೆಜ್ ಬಾಕಿಗಾಗಿ ಲಂಡನ್ ನ್ಯಾಯಾಲಯಕ್ಕೆ ಹೋಗಿ ತಂಡವನ್ನು ಆಡಳಿತಾಧಿಕಾರಿಗಳ ಕೈಗೆ ಒಪ್ಪಿಸಿದರು. ಆಮೇಲೆ ಲಾರೆನ್ಸ್ ಸ್ಟ್ರೋಲ್ ಕೊಂಡರು. ಯಜಮಾನರು ಒಬ್ಬರೇ ಎಂದು ಅಭಿಮಾನಿಗಳು ತಿಳಿದಿದ್ದರು. ಕಾಗದಗಳು ಬೇರೆ ಹೇಳುತ್ತಿದ್ದವು.

ಅತ್ತ ಕಯೋಟೀಸ್‌ಗೆ ಹೊಸ ಮಾಲೀಕರು ಬರುತ್ತಲೇ ಹೋದರು. 2015ರಲ್ಲಿ ಗ್ಲೆಂಡೇಲ್ ನಗರಸಭೆ ತಂಡದ ಜೊತೆಗಿನ ಕ್ರೀಡಾಂಗಣದ ಒಪ್ಪಂದವನ್ನು ಮುರಿಯಿತು. 2021ರ ಡಿಸೆಂಬರ್‌ನಲ್ಲಿ ತೆರಿಗೆ ಬಾಕಿಗಾಗಿ ಕ್ರೀಡಾಂಗಣಕ್ಕೆ ಬೀಗ ಹಾಕುವುದಾಗಿ ಎಚ್ಚರಿಸಿತು. ಮರುವರ್ಷ ತಂಡ ವಿಶ್ವವಿದ್ಯಾಲಯವೊಂದರ ಐದು ಸಾವಿರ ಆಸನವೂ ಇಲ್ಲದ ರಿಂಕಿಗೆ ಇಳಿಯಿತು. 2023ರಲ್ಲಿ ಟೆಂಪಿ ನಗರದ ಮತದಾರರು ಹೊಸ ಕ್ರೀಡಾಂಗಣ ಬೇಡವೆಂದರು. 2024ರ ಏಪ್ರಿಲ್‌ನಲ್ಲಿ ತಂಡ ಸಾಲ್ಟ್ ಲೇಕ್ ಸಿಟಿಗೆ ಹೋಯಿತು. ಕೊಂಡ ರಯಾನ್ ಸ್ಮಿತ್ ಕೊಟ್ಟದ್ದು 120 ಕೋಟಿ ಡಾಲರ್. ಅದರಲ್ಲಿ 100 ಕೋಟಿ ಕೊನೆಯ ಮಾಲೀಕ ಅಲೆಕ್ಸ್ ಮೆರುವೆಲೊ ಅವರಿಗೆ, 20 ಕೋಟಿ ಲೀಗ್‌ನ ಇತರ ಮಾಲೀಕರಿಗೆ. ಎರಡು ವರ್ಷ ನಷ್ಟ ತುಂಬಿಕೊಟ್ಟಿದ್ದ ಗ್ಲೆಂಡೇಲ್‌ನ ತೆರಿಗೆದಾರರಿಗೆ ಆ ಹಂಚಿಕೆಯಲ್ಲಿ ಪಾಲಿರಲಿಲ್ಲ.